ಬೇನೆ ಬರುವ ಮೊದಲೇ ತಯಾರಿ



ಮನೆಯಲ್ಲಿ ಮದುವೆ ಗೊತ್ತಾದರೆ ನಾವು ಎಷ್ಟು ಮೊದಲೇ ತಯಾರಿ ಸುರು ಮಾಡುತ್ತೇವೆ! ಪೆಂಡಾಲ ಯಾರದು, ಅಡಿಗೆಯವರು ಯಾರು, ಎಷ್ಟು ಮಂದಿ ಬರುತ್ತಾರೆ, ರೊಕ್ಕ ಎಲ್ಲಿಂದ ತರೂದು, ಎಲ್ಲಾ ಲೆಕ್ಕ ಹಾಕುತ್ತೇವೆ. ಅದೇ ಮನೆಯಲ್ಲಿ ಸೊಸೆ ಬಸುರಿಯಾದರೆ ಮಾತ್ರ, "ದೇವರಿದ್ದಾನ, ಹೊತ್ತು ಬಂದಾಗ ನೋಡೋಣು" ಎನ್ನುತ್ತೇವೆ. ದೇವರು ಇದ್ದಾನೆ, ನಿಜ. ಆದರೆ ಯೋಚನೆ ಮಾಡಲು ಬುದ್ಧಿ ಕೊಟ್ಟವನೂ ಅವನೇ. ಬೇನೆ ಸುರುವಾದ ಮೇಲೆ ಯೋಚನೆ ಮಾಡಲು ಪುರುಸೊತ್ತು ಇರುವುದಿಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ನಮ್ಮ ಸಂಘಗಳಲ್ಲಿ ಉಳಿತಾಯ, ಸಾಲ, ಕಂತು, ಇವುಗಳ ಬಗ್ಗೆ ವಾರ ವಾರ ಮಾತಾಡುತ್ತೇವೆ. ಬಸುರಿಯಾದ ಸದಸ್ಯೆಯ ಹೆರಿಗೆಯನ್ನೂ ಸಂಘದ ವಿಷಯವೆಂದು ಯಾಕೆ ಮಾತಾಡಬಾರದು? ಈ ಕರಪತ್ರದಲ್ಲಿ ನಾವು ಹೇಳಬೇಕಾದ್ದು ಇದೊಂದೇ.

ಒಂದು ರಾತ್ರಿಯ ಮಾತು

ಹೀಗೊಂದು ರಾತ್ರಿ ಎಂದು ಇಟ್ಟುಕೊಳ್ಳಿ. ಮನೆ ಊರಾಗಿಲ್ಲ, ತೋಟದಾಗ ಐತಿ. ರಾತ್ರಿ ಹನ್ನೊಂದು ಗಂಟೆಗೆ ಬೇನೆ ಸುರುವಾಯಿತು. ಗಂಡ ಕಬ್ಬಿನ ಟ್ರ್ಯಾಕ್ಟರ್ ತಗೊಂಡು ಫ್ಯಾಕ್ಟರಿಗೆ ಹೋಗಿದ್ದಾನೆ, ಪಾಳಿ ಬರುವ ತನಕ ಅಲ್ಲೇ. ಅತ್ತೆ, "ಅಂವ ಬರಲಿ, ಕೇಳಿ ಹೋಗೋಣು" ಎನ್ನುತ್ತಾಳೆ. 108ಕ್ಕೆ ಫೋನ್ ಮಾಡಿದರೆ ತೋಟದ ದಾರಿ ಹೇಳಲು ಯಾರಿಗೂ ಸರಿಯಾಗಿ ಬರುವುದಿಲ್ಲ. ಕೈಯಲ್ಲಿ ರೊಕ್ಕ ಇಲ್ಲ. ತಾಯಿ ಕಾರ್ಡ್ ಯಾವ ಟ್ರಂಕಿನಲ್ಲಿದೆಯೋ ಗೊತ್ತಿಲ್ಲ. ಆಸ್ಪತ್ರೆಗೆ ಮುಟ್ಟುವುದರೊಳಗೆ ಬೆಳಗಿನ ನಾಲ್ಕು.

ಇಲ್ಲಿ ಯಾರೂ ಕೆಟ್ಟವರಲ್ಲ. ಯಾರೂ ಮೊದಲೇ ಕೂತು ಮಾತಾಡಿರಲಿಲ್ಲ, ಅಷ್ಟೇ.

ತಾಯಂದಿರ ಸಾವಿಗೆ ಮೂರು ತಡಗಳು ಕಾರಣವೆಂದು ತಿಳಿದವರು ಹೇಳುತ್ತಾರೆ. ಮೊದಲನೆಯದು ದವಾಖಾನೆಗೆ ಹೋಗಬೇಕೆಂದು ತೀರ್ಮಾನ ಮಾಡುವುದರಲ್ಲಿ ತಡ. ಎರಡನೆಯದು ದಾರಿಯಲ್ಲಿ ತಡ. ಮೂರನೆಯದು ಅಲ್ಲಿ ಮುಟ್ಟಿದ ಮೇಲೆ ಸರಿಯಾದ ಚಿಕಿತ್ಸೆ ಸಿಗುವುದರಲ್ಲಿ ತಡ. ಮೊದಲಿನ ಎರಡು ತಡ ಬಹಳಷ್ಟು ನಮ್ಮ ಕೈಯಲ್ಲೇ ಇವೆ. ಮೂರನೆಯದಕ್ಕೂ ನಮ್ಮ ತಯಾರಿ ಸಹಾಯ ಮಾಡುತ್ತದೆ.

ನಮ್ಮ ರಾಜ್ಯದಲ್ಲಿ 2001-03ರ ಲೆಕ್ಕದ ಪ್ರಕಾರ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ತೀರಿಕೊಳ್ಳುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಆಸ್ಪತ್ರೆ ಹೆರಿಗೆ, ಆಶಾ ಕಾರ್ಯಕರ್ತೆಯರು, 2008ರಲ್ಲಿ ಸುರುವಾದ 108 ಆಂಬ್ಯುಲೆನ್ಸ್, ಇವೆಲ್ಲ ಇದಕ್ಕೆ ಸಹಾಯ ಮಾಡಿವೆ. ಆದರೆ ಆ 69ರಲ್ಲಿ ನಮ್ಮ ಸಂಘದ ಒಬ್ಬಾಕೆಯೂ ಇರಬಾರದಲ್ಲವೇ?

ರಕ್ತ ಹೋಗುವುದನ್ನು ಹಗುರ ತಿಳಿಯಬೇಡಿ

ಹೆರಿಗೆಯಾದ ಮೇಲೆ ವಿಪರೀತ ರಕ್ತ ಹೋದರೆ ಎರಡು ತಾಸಿನೊಳಗೆ ಜೀವಕ್ಕೆ ಅಪಾಯ. ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ 2002ರಿಂದ 2005ರ ತನಕ 1,620 ತಾಯಂದಿರ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು. ಹೆರಿಗೆಯಾದ ಕೂಡಲೇ ಎ.ಎನ್.ಎಂ. ಸಿಸ್ಟರ್ ಕೈಯಿಂದ ಮಿಸೊಪ್ರೊಸ್ಟಾಲ್ ಗುಳಿಗೆ ಪಡೆದವರಲ್ಲಿ ನೂರಕ್ಕೆ ಸುಮಾರು 6 ಮಂದಿಗೆ ಅತಿಯಾದ ರಕ್ತಸ್ರಾವ ಆಯಿತು. ಆ ಔಷಧ ಪಡೆಯದವರಲ್ಲಿ ಅದು ನೂರಕ್ಕೆ 12. ಈ ವಿಷಯ 2006ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿ ಜಗತ್ತಿಗೇ ತಿಳಿಯಿತು. ಈ ಗುಳಿಗೆಯನ್ನು ನಾವಾಗಿ ತಂದು ನುಂಗುವಂತಿಲ್ಲ, ಅದು ಅಪಾಯ. ನಾವು ತಿಳಿಯಬೇಕಾದ್ದು ಇಷ್ಟು: ಹೆರಿಗೆಯ ಹೊತ್ತಿನಲ್ಲಿ ತರಬೇತಿ ಪಡೆದವರು ಮತ್ತು ಸರಿಯಾದ ಔಷಧ ಹತ್ತಿರ ಇದ್ದರೆ ಜೀವ ಉಳಿಯುತ್ತದೆ.

ಮೈಯಲ್ಲಿ ರಕ್ತ ಕಡಿಮೆ ಇದ್ದಾಕೆ ಸ್ವಲ್ಪ ರಕ್ತ ಹೋದರೂ ತಾಳುವುದಿಲ್ಲ. ಬಸುರಿಯ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 7ಕ್ಕಿಂತ ಕಡಿಮೆ ಇದ್ದರೆ ಬಹಳ ಅಪಾಯ. ನಾಲ್ಕನೇ ತಿಂಗಳಿಂದ ದಿನಕ್ಕೊಂದು ಕಬ್ಬಿಣಾಂಶದ ಗುಳಿಗೆ ಕನಿಷ್ಠ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ತೆಗೆದುಕೊಳ್ಳಬೇಕು. ಚಹಾ ಜೊತೆ ಬೇಡ. ಗುಳಿಗೆಯಿಂದ ಕೂಸು ದೊಡ್ಡದಾಗಿ ಹೆರಿಗೆ ಕಷ್ಟ ಆಗ್ತದ ಎನ್ನುವುದು ಸುಳ್ಳು. ಮಲ ಕಪ್ಪಾದರೆ ಗಾಬರಿ ಬೇಡ.

ಒಂದು ಹಾಳಿಯ ಯೋಜನೆ

ಆರನೇ ತಿಂಗಳು ತುಂಬುವುದರೊಳಗೆ ಸಂಘದ ಸಭೆಯಲ್ಲಿ ಬಸುರಿ ಸದಸ್ಯೆ, ಆಕೆಯ ಅತ್ತೆ ಅಥವಾ ತಾಯಿ, ಆಶಾ ಕಾರ್ಯಕರ್ತೆ ಕೂಡಿ ಕುಳಿತು ಒಂದು ಹಾಳಿಯ ಮೇಲೆ ಇವನ್ನು ಬರೆಯಿರಿ. ಗಂಡನನ್ನೂ ಕರೆಯಿರಿ. ಹೆರಿಗೆ ಹೆಂಗಸರ ವಿಷಯ ಎಂದು ಅವನು ಹೊರಗೆ ಕೂಡುವುದು ಬೇಡ.

1. ಯಾವ ದವಾಖಾನೆ? ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಹೆರಿಗೆ ಮಾಡಿಸುತ್ತಾರೋ, ಆಪರೇಷನ್ ಬೇಕಾದರೆ ಯಾವ ತಾಲೂಕು ಆಸ್ಪತ್ರೆಗೆ ಹೋಗಬೇಕು, ಅಲ್ಲಿಂದ ಬೆಳಗಾವಿಗೆ ಕಳಿಸಿದರೆ ಎಲ್ಲಿಗೆ, ಎಲ್ಲವನ್ನೂ ಈಗಲೇ ಸಿಸ್ಟರನ್ನು ಕೇಳಿ ಬರೆದುಕೊಳ್ಳಿ.

2. ಯಾವ ಗಾಡಿ? ಮೊದಲು 108. ಅದು ಬರದಿದ್ದರೆ ಎಂದು ಊರಿನ ಇನ್ನೊಂದು ಗಾಡಿಯವರ ಹೆಸರು, ಫೋನ್ ನಂಬರು. ತೋಟದ ಮನೆಯಾದರೆ ದಾರಿಯ ಗುರುತು ಬರೆಯಿರಿ: ಯಾವ ಗುಡಿ, ಯಾವ ಕೆನಾಲು, ಯಾವ ಟಿ.ಸಿ. ಕಂಬದ ಹತ್ತಿರ ಒಬ್ಬರು ಬ್ಯಾಟರಿ ಹಿಡಿದು ನಿಲ್ಲಬೇಕು.

3. ಯಾರು ತೀರ್ಮಾನ ಮಾಡುವವರು? ಗಂಡ ಮನೆಯಲ್ಲಿ ಇಲ್ಲದಿದ್ದರೆ ಯಾರನ್ನೂ ಕಾಯದೆ ಹೊರಡಬೇಕು ಎಂದು ಗಂಡ, ಅತ್ತೆ-ಮಾವ ಎಲ್ಲರೂ ಮೊದಲೇ ಒಪ್ಪಿರಬೇಕು.

4. ಯಾರು ಜೊತೆಗೆ? ದವಾಖಾನೆಗೆ ಒಬ್ಬಾಕೆ. ಮನೆಯಲ್ಲಿ ದೊಡ್ಡ ಮಕ್ಕಳಿಗೆ ಊಟ ಹಾಕಲು ಒಬ್ಬಾಕೆ. ದನ-ಎಮ್ಮೆ ನೋಡಲು, ಹಿಂಡಲು ಒಬ್ಬರು.

5. ಯಾರ ರಕ್ತ? ಬಸುರಿಯ ರಕ್ತದ ಗುಂಪು ತಾಯಿ ಕಾರ್ಡಿನಲ್ಲಿ ಬರೆಸಿರಿ. ರಕ್ತ ಕೊಡಲು ತಯಾರಿರುವ ಇಬ್ಬರ ಹೆಸರು ಇರಲಿ.

6. ಒಂದು ಚೀಲ. ತಾಯಿ ಕಾರ್ಡ್, ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್‌ಗಳ ಪ್ರತಿ, ಒಗೆದು ಬಿಸಿಲಿಗೆ ಒಣಗಿಸಿದ ಹಳೇ ಸೀರೆ ತುಂಡು, ಕೂಸಿಗೆ ಟೊಪ್ಪಿಗೆ, ಬಟ್ಟೆ. ಎಂಟನೇ ತಿಂಗಳಿಂದ ಚೀಲ ಬಾಗಿಲ ಹತ್ತಿರ ಇರಲಿ.

ಈ ಹಾಳಿಯ ಒಂದು ಪ್ರತಿ ಮನೆಯಲ್ಲಿ, ಒಂದು ಸಂಘದ ಪುಸ್ತಕದಲ್ಲಿ, ಒಂದು ಆಶಾ ಅಕ್ಕನ ಕೈಯಲ್ಲಿ.

ಮಳೆಗಾಲದ ಹೆರಿಗೆ

ಹೊಳೆ ದಂಡೆಯ ಊರಿನವರಿಗೆ ಇನ್ನೊಂದು ಮಾತು. 2019ರ ಆಗಸ್ಟ್‌ನಲ್ಲಿ ಘಟಪ್ರಭೆಗೆ ಮಹಾಪೂರ ಬಂದಾಗ ಗೋಕಾಕ ಹತ್ತಿರದ ಲೋಳಸೂರ ಸೇತುವೆ ನೀರಿನಲ್ಲಿ ಮುಳುಗಿದ್ದನ್ನು ಯಾರೂ ಮರೆತಿಲ್ಲ. ಮೇಲೆ ಮಳೆ ಹೆಚ್ಚಾಗಿ ಹಿಡಕಲ್ ಜಲಾಶಯದಿಂದ ನೀರು ಬಿಟ್ಟರೆ ಸೇತುವೆ ಬಂದ್, ದಾರಿ ಬಂದ್. ಹಿರಣ್ಯಕೇಶಿ ದಂಡೆಯ ಸಂಕೇಶ್ವರ ಭಾಗದವರಿಗೂ ಇದೇ ಪಾಡು. ಜುಲೈ, ಆಗಸ್ಟ್, ಸೆಪ್ಟೆಂಬರಿನಲ್ಲಿ ದಿನ ತುಂಬುವವರು ಎರಡು ವಾರ ಮೊದಲೇ ದವಾಖಾನೆ ಇರುವ ದಂಡೆಯ ನೆಂಟರ ಮನೆಗೆ ಹೋಗಿರುವುದು ಒಳ್ಳೆಯದು. ನೆಂಟರಿಲ್ಲದಿದ್ದರೆ ಆ ಭಾಗದ ಸಂಘದವರನ್ನು ಕೇಳಿರಿ. ಸಂಘಕ್ಕೆ ಸಂಘ ಆಗದಿದ್ದರೆ ಮತ್ಯಾರು ಆಗಬೇಕು?

ರೊಕ್ಕದ ತಯಾರಿ

ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಆಪರೇಷನ್, ಔಷಧ, ಪರೀಕ್ಷೆ, ರಕ್ತ, ಊಟ, ಹೋಗಿ ಬರುವ ಗಾಡಿ, ಎಲ್ಲವೂ ಉಚಿತ. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಇದು ನಮ್ಮ ಹಕ್ಕು. ಆದರೂ ಜೊತೆಗೆ ಹೋದವರ ಊಟ, ಓಡಾಟ, ಕೂಲಿ ಹೋದ ದಿನಗಳು, ಇವಕ್ಕೆ ರೊಕ್ಕ ಬೇಕೇ ಬೇಕು.

ಮೂರನೇ ತಿಂಗಳಿಂದ ವಾರಕ್ಕೆ 50 ರೂಪಾಯಿ ಬೇರೆ ತೆಗೆದಿಟ್ಟರೆ 26 ವಾರಕ್ಕೆ 1,300 ರೂಪಾಯಿ ಆಗುತ್ತದೆ. ಸಂಘದ 15 ಮಂದಿ ತಿಂಗಳಿಗೆ 20 ರೂಪಾಯಿ ಹಾಕಿದರೆ ವರ್ಷಕ್ಕೆ 3,600 ರೂಪಾಯಿಯ ಹೆರಿಗೆ ನಿಧಿ. ಆದರೆ ಒಂದು ಎಚ್ಚರ: ಸಂಘದ ರೊಕ್ಕ ಬ್ಯಾಂಕಿನಲ್ಲಿ ಇರುತ್ತದೆ, ತೆಗೆಯಲು ಇಬ್ಬರ ಸಹಿ ಬೇಕು, ರಾತ್ರಿ ಒಂದು ಗಂಟೆಗೆ ಬ್ಯಾಂಕ್ ತೆರೆದಿರುವುದಿಲ್ಲ! ಆದ್ದರಿಂದ ಎಂಟನೇ ತಿಂಗಳಲ್ಲೇ ಠರಾವು ಬರೆದು, ಇಷ್ಟು ರೊಕ್ಕ ಇಂಥವರ ಮನೆಯಲ್ಲಿ ಇರಬೇಕೆಂದು ತೀರ್ಮಾನ ಮಾಡಿ, ಆಂತರಿಕ ಸಾಲವೆಂದು ಪುಸ್ತಕದಲ್ಲಿ ತೋರಿಸಿರಿ.

ಕುಬಸ ಮಾಡುವುದು ಚೆಂದ. ಬಸುರಿಗೆ ಹಸಿರು ಬಳೆ ಇಡಿಸಿ, ಬಯಕೆಯ ಊಟ ಹಾಕಿದರೆ ಆಕೆಯ ಮನಸ್ಸು ತುಂಬುತ್ತದೆ. ಆದರೆ ಕುಬಸಕ್ಕೆ ಸಾಲ ತೆಗೆದು ಹೆರಿಗೆಗೆ ಬರಿಗೈ ಆಗುವುದು ಬೇಡ. ಮುಯ್ಯಿ ಬಂದ ರೊಕ್ಕವನ್ನು ಬಸುರಿಯ ಹೆಸರಿಗೇ ಕಟ್ಟಿಡಿ.

ಸರಕಾರದಿಂದ ಬರುವುದನ್ನು ಬಿಡಬೇಡಿ

ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆ 2017ರಲ್ಲಿ ಬಂತು. ಅರ್ಹರಾದವರಿಗೆ ಮೊದಲ ಮಗುವಿಗೆ 5,000 ರೂಪಾಯಿ ಸಿಗುತ್ತದೆ. 2022ರಿಂದ ಎರಡನೆಯದು ಹೆಣ್ಣು ಮಗುವಾದರೆ 6,000 ರೂಪಾಯಿ. ರೊಕ್ಕ ಆಕೆಯ ಸ್ವಂತ, ಆಧಾರ್ ಜೋಡಿಸಿದ ಖಾತೆಗೇ ಬರುತ್ತದೆ. ಗಂಡನ ಖಾತೆ ನಡೆಯುವುದಿಲ್ಲ. ಮದುವೆಯ ನಂತರ ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು ಹೆಸರು ಇದ್ದರೆ ಈಗಲೇ ಸರಿ ಮಾಡಿಸಿರಿ. ಬಿ.ಪಿ.ಎಲ್. ಕುಟುಂಬದ ಹಳ್ಳಿಯ ತಾಯಿಗೆ ಆಸ್ಪತ್ರೆ ಹೆರಿಗೆಗೆ ಜನನಿ ಸುರಕ್ಷಾ ಯೋಜನೆಯಿಂದ 700 ರೂಪಾಯಿ ಉಂಟು. ಇವು ತಡವಾಗಿ ಬರಬಹುದು, ಹೆರಿಗೆಯ ದಿನಕ್ಕೆ ಇವನ್ನೇ ನಂಬಿ ಕೂಡಬೇಡಿ. ಅಂಗನವಾಡಿಯಲ್ಲಿ ಹೆಸರು ಹಚ್ಚಿ ಪೌಷ್ಟಿಕ ಆಹಾರ ಪಡೆಯಿರಿ. ಪ್ರತಿ ತಿಂಗಳ 9ನೇ ತಾರೀಖಿಗೆ ಸರಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಕನಿಷ್ಠ ನಾಲ್ಕು ಸಲ ತಪಾಸಣೆ ಆಗಲೇಬೇಕು.

ಚೊಚ್ಚಲು ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ರೂಢಿ. ಕೆಲವರ ತವರು ಗಡಿಯ ಆಚೆ ಮಹಾರಾಷ್ಟ್ರದಲ್ಲಿ. ಹೋಗುವಾಗ ತಾಯಿ ಕಾರ್ಡ್ ಕೈಯಲ್ಲಿರಲಿ. ಹೋದ ವಾರದಲ್ಲೇ ಅಲ್ಲಿನ ಆಶಾ ಕಾರ್ಯಕರ್ತೆಗೆ ತಿಳಿಸಿ, ಅಲ್ಲಿಯ ದವಾಖಾನೆ, ಗಾಡಿ ಯಾವುದೆಂದು ಹಾಳಿಯನ್ನು ಹೊಸದಾಗಿ ಬರೆಯಿರಿ.

ಕೂಡಲೇ ಹೊರಡಬೇಕಾದ ಗುರುತುಗಳು

ರಕ್ತ ಹೋಗುವುದು, ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಮುಖ, ಕೈ ಬಾವು, ಫಿಟ್ಸ್, ಜೋರು ಜ್ವರ, ತಡೆಯಲಾಗದ ಹೊಟ್ಟೆನೋವು, ಬೇನೆ ಇಲ್ಲದೆ ನೀರು ಹೋಗುವುದು, ಕೂಸಿನ ಮಿಸುಕಾಟ ಕಡಿಮೆಯಾಗುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ.

ಬಾಣಂತಿಗೂ ಆಸರೆ ಬೇಕು

ಕೂಸು ಹುಟ್ಟಿದ ಒಂದು ತಾಸಿನೊಳಗೆ ಎದೆಹಾಲು ಕುಡಿಸಬೇಕು. ಮೊದಲಿನ ಹಳದಿ ಗಿಣ್ಣದ ಹಾಲು ಚೆಲ್ಲಬೇಡಿ. ಜೇನುತುಪ್ಪ, ಸಕ್ಕರೆ ನೀರು ಬೇಡ. ಆರು ತಿಂಗಳು ಬರೀ ತಾಯಿ ಹಾಲು. ಬಾಣಂತಿಗೆ ನೀರು ಕೊಡಬಾರದು, ಕಾಯಿಪಲ್ಲೆ ತಿನ್ನಬಾರದು ಎನ್ನುವುದು ತಪ್ಪು. ಅಂಟಿನುಂಡಿ, ಅಳವಿ ಪಾಯಸದ ಜೊತೆ ಬೇಳೆ, ಸೊಪ್ಪು, ಹಾಲು, ತತ್ತಿ, ಸಾಕಷ್ಟು ನೀರೂ ಇರಲಿ. 21 ದಿನದೊಳಗೆ ಜನನ ನೋಂದಣಿ ಮಾಡಿಸಿರಿ. ಲಸಿಕೆಯ ತಾರೀಖು ಸಂಘದ ಪುಸ್ತಕದಲ್ಲಿ ಬರೆದುಕೊಳ್ಳಿ.

ಕೆಲವು ಬಾಣಂತಿಯರು ಸುಮ್ಮನೆ ಅಳುತ್ತಾರೆ, ಕೂಸಿನ ಮೇಲೆ ಮನಸ್ಸಿಲ್ಲ ಎನ್ನುತ್ತಾರೆ. ಇದು ಸೊಕ್ಕಲ್ಲ, ಗಾಳಿ ಸೋಕಿದ್ದೂ ಅಲ್ಲ. ಎರಡು ವಾರ ದಾಟಿದರೂ ಹೀಗೇ ಇದ್ದರೆ ಡಾಕ್ಟರಿಗೆ ತೋರಿಸಿರಿ. 14416ಕ್ಕೆ ಉಚಿತವಾಗಿ ಫೋನ್ ಮಾಡಿ ಮಾತಾಡಬಹುದು. ಕೂಸು ಹೆಣ್ಣಾಯಿತೆಂದು ಬಾಣಂತಿಯ ಮುಂದೆ ಒಬ್ಬರೂ ಮುಖ ಗಂಟು ಹಾಕಬಾರದು. ಹೊಟ್ಟೆಯಲ್ಲಿ ಗಂಡೋ ಹೆಣ್ಣೋ ಎಂದು ಕೇಳುವುದು 1994ರ ಕಾನೂನಿನ ಪ್ರಕಾರ ಅಪರಾಧ. ದೇವರ ಮುಂದೆಯೂ ತಪ್ಪು.

ಪವಿತ್ರ ಬೈಬಲಿನಲ್ಲಿ ಮರಿಯಮ್ಮನವರು ತುಂಬು ವಯಸ್ಸಿನಲ್ಲಿ ಬಸುರಿಯಾದ ಎಲಿಜಬೇತಳ ಮನೆಗೆ ಬೆಟ್ಟದ ದಾರಿ ಹಿಡಿದು ಹೋಗಿ ಸುಮಾರು ಮೂರು ತಿಂಗಳು ಇದ್ದರೆಂದು ಓದುತ್ತೇವೆ. ಆಗ ಅವರೂ ಗರ್ಭಿಣಿಯೇ. ಒಬ್ಬ ಹೆಣ್ಣುಮಗಳ ಬಸಿರಿಗೆ ಇನ್ನೊಬ್ಬ ಹೆಣ್ಣುಮಗಳೇ ಆಸರೆಯಾದಳು. ನಮ್ಮಲ್ಲಿ ಯಾವ ಜಾತಿ, ಯಾವ ಧರ್ಮದವರೇ ಇರಲಿ, ಸಂಘದ ಅಕ್ಕ-ತಂಗಿಯರು ಹೀಗೆಯೇ ಒಬ್ಬರಿಗೊಬ್ಬರು ಆಗಬೇಕು.

ಮುಂದಿನ ಸಭೆಯಲ್ಲಿ ಉಳಿತಾಯ ಕಟ್ಟಿಸಿಕೊಂಡ ಕೂಡಲೇ ಒಂದು ಪ್ರಶ್ನೆ ಕೇಳಿರಿ: "ನಮ್ಮ ಸಂಘದಾಗ, ನಮ್ಮ ಓಣಿಯಾಗ ಈಗ ಯಾರು ಬಸುರಿ ಅದಾರ?" ಹೆಸರು ಬಂದರೆ ಅಂದೇ ಹಾಳಿ ತೆಗೆದು ಬರೆಯಲು ಸುರು ಮಾಡಿರಿ.