ಮಂಡ್ಯವನ್ನು ಕೊನೆಭಾಗದಿಂದ ನೋಡಬೇಕು

ಮಂಡ್ಯ ಎಂದೊಡನೆ ಹಸಿರು ಗದ್ದೆ, ಕಬ್ಬು ಹೊತ್ತ ಗಾಡಿ, ಬೆಲ್ಲದ ವಾಸನೆ ನೆನಪಾಗುತ್ತವೆ. ಮದ್ದೂರಿನಲ್ಲಿ ವಡೆ ತಿಂದು ಮೈಸೂರಿನತ್ತ ಹೋಗುವವರಿಗೆ ಕಾಣುವುದೂ ಇಷ್ಟೇ. ಆದರೆ ಈ ಹಸಿರು ನೆಲದ ಗುಣವಲ್ಲ, ನಾಲೆ ಕೊಟ್ಟದ್ದು. ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ ಕಾಣುವ ಈ ಕೆಂಪು ಮಣ್ಣು ಮೂಲತಃ ರಾಗಿ, ಹುರುಳಿ, ಅವರೆಯ ಸೀಮೆ. 1911ರಲ್ಲಿ ಕಾವೇರಿಗೆ ಅಡ್ಡಲಾಗಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಹುಲಿಕೆರೆ ಬಳಿ ಗುಡ್ಡ ಕೊರೆದು ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಹರಿಯಿತು. 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಜಿಲ್ಲೆಯಾಯಿತು. ನಾಲೆ ಹುಟ್ಟುವ ಕಡೆಯಿಂದ ಯಾವ ಊರು ಎಷ್ಟು ದೂರ ಎಂಬುದೇ ಅಲ್ಲಿಂದೀಚೆಗೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಹಣೆಬರಹ ಬರೆಯುತ್ತಿದೆ. ಹಾಗಾಗಿ ಈ ಸೀಮೆಯನ್ನು ಅಳೆಯಬೇಕಾದ್ದು ಕಟ್ಟೆಯ ಕಡೆಯಿಂದಲ್ಲ, ನಾಲೆಯ ಕೊನೆಭಾಗದ ಗದ್ದೆಯಿಂದ.

ನೀರು ಕಡಿಮೆಯಾದ ವರ್ಷ ಮೊದಲು ಒಣಗುವುದು ಮದ್ದೂರು, ಮಳವಳ್ಳಿಯ ಕೊನೆಭಾಗದ ಊರುಗಳೇ. ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ಬಿಟ್ಟ ನೀರು ತೂಬು ತೂಬಿನಲ್ಲಿ ಖರ್ಚಾಗಿ, ಹೂಳು ತುಂಬಿದ ಕಾಲುವೆಯಲ್ಲಿ ಇಂಗಿ, ಇಲ್ಲಿಗೆ ಮುಟ್ಟುವಷ್ಟರಲ್ಲಿ ಸರದಿ ಮುಗಿದಿರುತ್ತದೆ. ರೈತರು ಕಬ್ಬು, ಭತ್ತದ ಆಸೆಗೆ ಬಿದ್ದದ್ದೇ ತಪ್ಪು ಎನ್ನುವವರಿದ್ದಾರೆ. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಕಬ್ಬು, ಭತ್ತ, ಕಡಿಮೆ ನೀರಿನ ಅರೆಖುಷ್ಕಿ ಬೆಳೆಗಳು ಮೂರು ವರ್ಷದ ಸರದಿಯಲ್ಲಿ ತಿರುಗಬೇಕೆಂಬ ವಿಶ್ವೇಶ್ವರಯ್ಯನವರ ಬ್ಲಾಕ್ ಪದ್ಧತಿ ಉಳಿದಿದ್ದರೆ ನೀರು ಇನ್ನೂ ದೂರ ಹೋಗುತ್ತಿತ್ತು. ಆದರೆ ಕಬ್ಬಿಗೆ ಕಾರ್ಖಾನೆ ಕಟ್ಟಿ, ರಾಗಿಯನ್ನು ಸಂತೆಯ ಪಾಲಿಗೆ ಬಿಟ್ಟ ಮೇಲೆ ರೈತನೊಬ್ಬನನ್ನೇ ದೂರುವುದು ನ್ಯಾಯವಲ್ಲ.

ಕಾರ್ಖಾನೆಯೂ ಕೈಕೊಟ್ಟಾಗ ಕಬ್ಬನ್ನು ಕಾಪಾಡಿದ್ದು ಬೆಲ್ಲ ಕಾಯಿಸುವ ಆಲೆಮನೆ. ಮೈಷುಗರ್ ಕೆಲವು ವರ್ಷ ನಿಂತು 2022ರಲ್ಲಿ ಮತ್ತೆ ಅರೆಯತೊಡಗಿತು. ಕಡಿಯದೆ ನಿಂತ ಕಬ್ಬು ಅಷ್ಟು ದಿನ ಕಾಯುವುದಿಲ್ಲ. ಆಲೆಮನೆಯಲ್ಲಿ ಹಿಂಡಿದ ಸಿಪ್ಪೆಯೇ ಒಣಗಿ ಒಲೆಗೆ ಉರುವಲಾಗುತ್ತದೆ. ಕೊಪ್ಪರಿಗೆಯ ಕಬ್ಬಿನ ಹಾಲು ಕಾದಂತೆ ಸುಣ್ಣ ಬೆರೆಸಿ, ಮೇಲೆ ಬಂದ ಕೊಳೆಯನ್ನು ಜಾಲರಿಯಲ್ಲಿ ತೆಗೆಯುತ್ತಲೇ ಇರಬೇಕು. ಪಾಕ ಹದಕ್ಕೆ ಬಂತೇ ಎಂದು ನೋಡುವವನು ಹನಿಯನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡುತ್ತಾನೆ. ಒಂದು ಗಳಿಗೆ ತಡವಾದರೆ ಬೆಲ್ಲ ಸೀದು ಕಪ್ಪಾಗುತ್ತದೆ, ಅವಸರಪಟ್ಟರೆ ಅಚ್ಚು ನಿಲ್ಲುವುದಿಲ್ಲ. ಈ ಹದ ಬಲ್ಲ ಸ್ಥಳೀಯರು ಕಡಿಮೆಯಾಗುತ್ತಿದ್ದಾರೆ. ಎಷ್ಟೋ ಕಡೆ ಉತ್ತರ ಭಾರತದ ಕೂಲಿಗಳೇ ಕೊಪ್ಪರಿಗೆ ಕಾಯುತ್ತಾರೆ. ಬಣ್ಣಕ್ಕೆ ರಾಸಾಯನಿಕ ಹಾಕುವ, ಸಕ್ಕರೆ ಬೆರೆಸುವ ಆಲೆಮನೆಗಳೂ ಇವೆ ಎಂಬ ಆಕ್ಷೇಪ ನಿಜ. ಆದರೆ ಹಳದಿ ಬೆಲ್ಲವನ್ನೇ ಆರಿಸುವ ಕೊಳ್ಳುವವರೂ ಅದರಲ್ಲಿ ಪಾಲುದಾರರು. ರಾಸಾಯನಿಕವಿಲ್ಲದ ಕಂದು ಬೆಲ್ಲಕ್ಕೆ ಒಳ್ಳೆಯ ಬೆಲೆ ಸಿಕ್ಕರೆ ಈ ಕಸುಬು ತಾನಾಗಿ ಶುದ್ಧವಾಗುತ್ತದೆ.

ನೀರಿನ ವಿಷಯಕ್ಕೆ ಮರಳಿದರೆ, ಮಳವಳ್ಳಿಯದು ಇನ್ನೂ ಕಟುವಾದ ಕಥೆ. 1902ರಲ್ಲಿ ಈ ತಾಲ್ಲೂಕಿನ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ ಮೊದಲು ಹೋದದ್ದು ದೂರದ ಕೋಲಾರದ ಚಿನ್ನದ ಗಣಿಗೆ. 1974ರಿಂದ ಇದೇ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡ ಕಾವೇರಿ ಬೆಂಗಳೂರಿಗೆ ಏರುತ್ತಿದೆ. 2024ರಲ್ಲಿ ಉದ್ಘಾಟನೆಯಾದ ಈ ನೀರು ಪೂರೈಕೆಯ ಐದನೇ ಹಂತದ ಗುರಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಎತ್ತುವುದು. ಕುಡಿಯುವ ನೀರಿಗೇ ಮೊದಲ ಹಕ್ಕು ಎಂಬುದನ್ನು ಮಳವಳ್ಳಿಯವರೂ ಅಲ್ಲಗಳೆಯುವುದಿಲ್ಲ. ಅವರು ಕೇಳುವುದು ಇಷ್ಟೇ: ನೂರಾರು ಮೀಟರ್ ಮೇಲಿರುವ ನಗರಕ್ಕೆ ನೀರೆತ್ತುವ ಜಾಣ್ಮೆ ಇರುವ ಸರ್ಕಾರಕ್ಕೆ, ಇಳಿಜಾರಿನಲ್ಲಿ ತಾನಾಗಿ ಹರಿಯಬೇಕಾದ ನಾಲೆಯ ಕೊನೆಗೆ ನೀರು ಮುಟ್ಟಿಸುವುದು ಯಾಕೆ ಆಗುವುದಿಲ್ಲ? ಪತ್ರಿಕೆಗಳು ಕನ್ನಂಬಾಡಿಯ ನೀರಿನ ಮಟ್ಟವನ್ನು ದಿನವೂ ಅಚ್ಚುಹಾಕುತ್ತವೆ. ಅದರ ಪಕ್ಕದಲ್ಲೇ ಮಳವಳ್ಳಿಯ ಕೊನೆ ತೂಬಿನಲ್ಲಿ ಅಂದು ಎಷ್ಟು ನೀರು ಹರಿಯಿತು ಎಂಬುದನ್ನೂ ನೀರಾವರಿ ನಿಗಮ ಪ್ರಕಟಿಸಲಿ.