‘ಡಾಕ್ಟರ್ರ’ ಅನ್ನಿಸಿಕೊಳ್ಳುವ ಮೊದಲು

ಹುಬ್ಬಳ್ಳಿ-ಧಾರವಾಡ ನಡುವಿನ ಸತ್ತೂರಿನಲ್ಲಿ ಬಸ್ಸಿಳಿಯುವವರಲ್ಲಿ ಹಳೆಯ ಎಕ್ಸ್‌-ರೇ ಚೀಲ, ಬುತ್ತಿಗಂಟು ಹಿಡಿದ ಹಳ್ಳಿಯವರಿರುತ್ತಾರೆ. ಬಿಳಿ ಕೋಟನ್ನು ತೋಳಿಗೆ ಇಳಿಬಿಟ್ಟುಕೊಂಡ ಹುಡುಗ-ಹುಡುಗಿಯರೂ ಇರುತ್ತಾರೆ. ಇಬ್ಬರಿಗೂ ಬೇಕಾದದ್ದು 2003ರಲ್ಲಿ ಶುರುವಾದ ಎಸ್‌ಡಿಎಂ ವೈದ್ಯಕೀಯ ಕಾಲೇಜು, ಆಸ್ಪತ್ರೆ.

ಕೋಟು ಬೇಗ ಮೈಗೆ ಬರುತ್ತದೆ. ಡಾಕ್ಟರ್ ಅನ್ನುವ ಭಾವ ಬರುವುದು ಯಾವಾಗ?

ಇಂಥ ಆಸ್ಪತ್ರೆಯ ಯಾವುದೇ ವಾರ್ಡಿನಲ್ಲಿ ಕೇಸ್ ಬರೆದುಕೊಳ್ಳಲು ನಿಂತ ವಿದ್ಯಾರ್ಥಿಗೆ ಅಜ್ಜಿಯೊಬ್ಬಳು, ‘ಡಾಕ್ಟರ್ರ, ಹೊಟ್ಟಿ ಕಡಿತೈತ್ರಿ’ ಅನ್ನಬಹುದು. ಮೈಸೂರು ಕಡೆಯ ಹುಡುಗನಾದರೆ ತುರಿಕೆಯೇನೋ ಅಂದುಕೊಂಡಾನು. ಅಜ್ಜಿ ಹೇಳುತ್ತಿರುವುದು ನುಲಿಯುವ ಹೊಟ್ಟೆನೋವನ್ನು. ಪದವಿ ಇನ್ನೂ ದೂರವಿದೆ, ಹೆಸರು ಮಾತ್ರ ಆಗಲೇ ಬಿದ್ದಿದೆ! ಆ ಹೆಸರಿಗೆ ತಕ್ಕಂತೆ ಬೆಳೆಯುವುದನ್ನೇ ಶಿಕ್ಷಣತಜ್ಞರು ‘ವೃತ್ತಿ ಅಸ್ಮಿತೆ’ ಅನ್ನುತ್ತಾರೆ.

ಹಿಂದೆ ಇದು ಹಿರಿಯರ ಬೆನ್ನು ಹತ್ತಿ ತಾನಾಗಿ ಬರುವ ಗುಣ ಅಂದುಕೊಂಡಿದ್ದರು. ಹಿರಿಯರು ಒಳ್ಳೆಯವರಾದರೆ ಸರಿ. ರೋಗಿಯನ್ನು ಗದರುವವರಾದರೆ ಹುಡುಗರು ಅದನ್ನೂ ಕಲಿತರು. 2019ರಲ್ಲಿ ದೇಶದ ಎಂಬಿಬಿಎಸ್ ಪಠ್ಯಕ್ರಮ ಬದಲಾದಾಗ ನಡವಳಿಕೆ, ನೀತಿ, ಸಂವಹನಕ್ಕೆಂದೇ ‘ಏಟ್‌ಕಾಮ್’ ಎಂಬ ಪಾಠಭಾಗ ಸೇರಿತು. ಅದರಲ್ಲಿ 27 ಘಟಕಗಳು. ಮೊದಲನೆಯದರ ಪ್ರಶ್ನೆ: ವೈದ್ಯನಾಗುವುದೆಂದರೆ ಏನು? ಎರಡನೆಯದು ಇನ್ನೂ ಚುರುಕು: ರೋಗಿಯಾಗುವುದೆಂದರೆ ಏನು? ಆರಂಭದ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಯ ಪಾಠವೂ ಇದೆ. ಹೊರ ರಾಜ್ಯದವರಿಗೆ ಕನ್ನಡ ಕಲಿಸುವಾಗ ಧಾರವಾಡದ ಈ ‘ಕಡಿತ’ವನ್ನು ಮರೆಯಬಾರದು.

ಏಟ್‌ಕಾಮ್‌ನ ಮೊದಲ ವರ್ಷದ ಇನ್ನೊಂದು ಘಟಕ, ಶವವೇ ಮೊದಲ ಗುರು ಎಂಬುದು. ಈ ಮಾತಿಗೆ ನಮ್ಮ ಭಾಗದಲ್ಲೇ ಮೈ ಜುಮ್ಮೆನ್ನಿಸುವ ಉದಾಹರಣೆಯಿದೆ. ಬೈಲಹೊಂಗಲದ ಡಾ. ರಾಮಣ್ಣವರ ತಮ್ಮ ದೇಹವನ್ನು ದಾನ ಬರೆದಿಟ್ಟಿದ್ದರು. 2010ರ ನವೆಂಬರಿನಲ್ಲಿ ಬೆಳಗಾವಿಯ ಕೆಎಲ್‌ಇ ಆಯುರ್ವೇದ ಕಾಲೇಜಿನಲ್ಲಿ, ವಿದ್ಯಾರ್ಥಿಗಳ ಎದುರು ಆ ದೇಹವನ್ನು ವಿಚ್ಛೇದಿಸಿ ಪಾಠ ಮಾಡಿದವರು ಅಂಗರಚನಾ ಶಾಸ್ತ್ರದ ಅಧ್ಯಾಪಕ, ಅವರದೇ ಮಗ ಡಾ. ಮಹಾಂತೇಶ ರಾಮಣ್ಣವರ.

ವೈದ್ಯ ವಿದ್ಯಾರ್ಥಿಯ ಕಲಿಕೆಯನ್ನು ಅಳೆಯಲು ವೈದ್ಯಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ನಾಲ್ಕು ಮೆಟ್ಟಿಲು ಹೇಳಿದ್ದರು: ಗೊತ್ತಿದೆ, ಹೇಗೆಂದು ಗೊತ್ತಿದೆ, ಮಾಡಿ ತೋರಿಸುತ್ತಾನೆ, ಮಾಡುತ್ತಾನೆ. ಕೆನಡಾದ ಕ್ರೂಸ್ ದಂಪತಿ ಮತ್ತು ಸಂಗಡಿಗರು 2016ರಲ್ಲಿ ಅದರ ಮೇಲೆ ಐದನೆಯದನ್ನು ಸೇರಿಸಿದರು: ‘ಆಗಿದ್ದಾನೆ’, ಅಂದರೆ ವೈದ್ಯನೇ ಆಗಿದ್ದಾನೆ. ಕೊನೆಯ ಈ ಮೆಟ್ಟಿಲಿಗೆ ಅಂಕ ಹಾಕುವುದು ಪರೀಕ್ಷಕರಿಗೂ ಕಷ್ಟ.

ಸತ್ತೂರಿನಂಥ ಆಸ್ಪತ್ರೆಗೆ ಹೋದಾಗ ಎಳೆಯ ಮುಖದ ಬಿಳಿಕೋಟು ನಿಮ್ಮ ಹಾಸಿಗೆಯ ಬಳಿ ತಡವರಿಸುತ್ತ ನಿಂತರೆ, ನಿಮ್ಮ ನೋವನ್ನು ನಿಮ್ಮದೇ ಮಾತಿನಲ್ಲಿ ಎರಡು ಸಲ ಹೇಳಿ.