ಸೊಂಡೆಕಾಯಿ ಇಲ್ಲದ ಹಸಿರು ಕರಿ

ಥಾಯ್ ಊಟ ಮಾಡಬೇಕೆಂದರೆ ಸಂತೆಮರಹಳ್ಳಿಯ ನಮ್ಮಂಥವರು ಬೆಂಗಳೂರಿನ ಬಸ್ಸು ಹತ್ತಬೇಕು. ಅಲ್ಲಿ ಕೆಲಸದಲ್ಲಿರುವ ಅಕ್ಕನ ಮಗಳು ಬಹಳ ದಿನದಿಂದ ಕರೆಯುತ್ತಿದ್ದಳು. ಅವಳು ಕರೆದೊಯ್ದದ್ದು ನಗರದ ನಡುಭಾಗದ ದೊಡ್ಡ ಹೋಟೆಲೊಂದರ ಆವರಣದಲ್ಲಿರುವ ರೆಸ್ಟೋರೆಂಟಿಗೆ. ಅವಳ ಆಫೀಸಿನವರೆಲ್ಲ ಆ ಜಾಗವನ್ನು ಹೊಗಳುತ್ತಾರಂತೆ, ಹೊಗಳುವಾಗ ಎಲ್ಲರೂ ಹೇಳುವುದು ಅಲ್ಲಿನ ವಾತಾವರಣದ ಮಾತನ್ನೇ ಅಂತೆ. ಊಟ ಹೇಗಿತ್ತು ಎಂದು ಯಾರೂ ಹೇಳಿಲ್ಲ ಎಂಬುದು ನನ್ನ ಕುತೂಹಲ ಕೆರಳಿಸಿತು.

ಹೋಟೆಲಿನ ಹಿಂಭಾಗಕ್ಕೆ ಒಂದು ಕಾಲುದಾರಿ ಹೋಗುತ್ತದೆ. ಎಡಕ್ಕೆ ಒತ್ತಾಗಿ ಬೆಳೆಸಿದ ಬಿದಿರು, ಬಲಕ್ಕೆ ತಾವರೆಯ ಕೊಳ. ಕಲ್ಲಿನ ದೋಣಿಯಿಂದ ಕೊಳಕ್ಕೆ ನೀರು ಬೀಳುತ್ತಿರುತ್ತದೆ. ಹೊರಗಿನ ರಸ್ತೆಯ ಹಾರನ್ನು ಆ ನೀರಿನ ಸದ್ದಿನಲ್ಲಿ ಬೇಗನೆ ಅಡಗಿಹೋಯಿತು. ಇಂಥ ನಗರದಲ್ಲಿ ಇಷ್ಟು ಮೌನ ಮಾಡಿಟ್ಟಿರುವುದೇ ದೊಡ್ಡ ಕೆಲಸ. ನಡಿಗೆ ತಾನಾಗಿ ನಿಧಾನವಾಯಿತು, ಮಾತು ಮೆಲ್ಲಗಾಯಿತು. ವಾತಾವರಣ ಎಂದು ಜನ ಹೇಳುವುದರಲ್ಲಿ ಹುರುಳಿದೆ ಎಂದು ಅಲ್ಲೇ ಅನ್ನಿಸಿತು.

ಬಾಗಿಲ ಪಕ್ಕದಲ್ಲಿ, ಎದೆಮಟ್ಟದ ಕಲ್ಲುಕಟ್ಟೆಯ ಮೇಲೆ ಬುದ್ಧನ ತಲೆ ಇಟ್ಟಿದ್ದಾರೆ. ಬರೀ ತಲೆ. ಮುಂದೆ ಹಿತ್ತಾಳೆ ಪಾತ್ರೆಯಲ್ಲಿ ನೀರು, ನೀರಲ್ಲಿ ತೇಲುವ ಚೆಂಡುಹೂ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಗೋಡೆಯಲ್ಲಿ ಬಾಬಾಸಾಹೇಬರ ಪಟದ ಪಕ್ಕ ಬುದ್ಧನ ಪಟವಿರುತ್ತದೆ, ಅದರ ಮುಂದೆ ಯಾರೂ ಚಪ್ಪಲಿ ಬಿಡುವುದಿಲ್ಲ. ಇಲ್ಲಿ ಬಂದವರು ಆ ತಲೆಗೆ ಕೆನ್ನೆ ತಾಗಿಸಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಥಾಯ್ಲೆಂಡಿನಲ್ಲಿ ಇದನ್ನು ಒಪ್ಪುವುದಿಲ್ಲ. ಬುದ್ಧನ ವಿಗ್ರಹವನ್ನು ದೇಶದಾಚೆ ಒಯ್ಯಲು ಅಲ್ಲಿ ಸರ್ಕಾರದ ಅನುಮತಿ ಬೇಕು. ಬುದ್ಧ ಅಲಂಕಾರದ ವಸ್ತುವಲ್ಲ ಎಂದು ಪ್ರವಾಸಿಗರಿಗೆ ತಿಳಿಸುವ ದೊಡ್ಡ ಫಲಕಗಳನ್ನು ಬ್ಯಾಂಕಾಕಿನಲ್ಲಿ ಹಾಕಿದ್ದಾರೆ. ಹಾಳುಬಿದ್ದ ಗುಡಿಗಳ ವಿಗ್ರಹಗಳಿಂದ ತಲೆ ಕಡಿದು ಮಾರಿದ ಕಳ್ಳರ ನೆನಪೂ ಆ ದೇಶಕ್ಕಿದೆ. ಇಷ್ಟು ಚೆಂದದ ಕೊಳ ಮಾಡಿಸಿದವರು ಇದನ್ನೂ ಒಮ್ಮೆ ಕೇಳಿ ತಿಳಿದುಕೊಳ್ಳಬಹುದಿತ್ತು.

ಒಳಗೆ ಕಾಲಿಟ್ಟಾಗ ಮೊದಲು ಬಂದದ್ದು ವಾಸನೆ. ಮಜ್ಜಿಗೆಹುಲ್ಲಿನ ವಾಸನೆ, ಮೂಗಿಗೆ ಅಡರುವಷ್ಟು. ಅಡುಗೆಮನೆಯಿಂದ ಬರುತ್ತಿದೆ ಎಂದುಕೊಂಡು ಸಂತೋಷಪಟ್ಟೆ. ಕುಳಿತ ಮೇಲೆ ನೋಡಿದರೆ ಮೂಲೆಯಲ್ಲಿ ಸಣ್ಣ ಹಣತೆಯ ಮೇಲೆ ಎಣ್ಣೆ ಕಾಯುತ್ತಿದೆ, ಹಬೆ ಅಲ್ಲಿಂದ ಬರುತ್ತಿದೆ. ಇಡೀ ಸಂಜೆ ನನ್ನನ್ನು ಕಾಡಿದ್ದು ಈ ಎಣ್ಣೆಯೇ. ಮುಂದೆ ಸೂಪು ಬಂದಾಗ ಅದರೊಳಗಿನ ಮಜ್ಜಿಗೆಹುಲ್ಲು ನನ್ನ ಮೂಗಿಗೆ ಸಿಗಲೇ ಇಲ್ಲ, ಬಾಯಿಗೆ ಹಾಕಿದ ಮೇಲಷ್ಟೇ ಸಿಕ್ಕಿತು.

ಕುರ್ಚಿಯ ದಿಂಬುಗಳು ರೇಷ್ಮೆಯವು. ನಮ್ಮೂರವರ ಕೈ ಮೊದಲು ಹೋಗುವುದು ಅಲ್ಲಿಗೇ. ರೇಷ್ಮೆಗೂಡಿನ ಮಾರುಕಟ್ಟೆ, ನೂಲು ಬಿಚ್ಚುವ ಕಾರ್ಖಾನೆ ಎರಡನ್ನೂ ನೋಡಿಕೊಂಡು ಬೆಳೆದವರು ನಾವು. ಎಳೆಯಲ್ಲಿ ಅಲ್ಲಲ್ಲಿ ಉಬ್ಬು ಸಿಗುತ್ತಿತ್ತು. ಥಾಯ್ ನಾಡಿನ ನಾಟಿ ಹಳದಿ ಗೂಡನ್ನು ಕೈಯಲ್ಲೇ ಬಿಚ್ಚಿದಾಗ ಎಳೆ ಹೀಗೆ ಏರುಪೇರಾಗಿ ಬರುತ್ತದೆ, ಅದೇ ಆ ಬಟ್ಟೆಯ ಚೆಲುವು. ನಮ್ಮ ಹಳೆಯ ಮೈಸೂರು ತಳಿಯ ಗೂಡೂ ಹಸಿರು ಬೆರೆತ ಹಳದಿಯೇ. ಈ ದಿಂಬು ಅಸಲಿ ಎಂದು ನನ್ನ ಬೆರಳಿಗೆ ಅನ್ನಿಸಿತು, ಆದರೆ ಆ ಮಂದ ಬೆಳಕಿನಲ್ಲಿ ಖಚಿತವಾಗಿ ಹೇಳುವುದು ಕಷ್ಟ. ಮೆನು ಓದಲಿಕ್ಕೇ ಮಗಳು ಮೊಬೈಲಿನ ಟಾರ್ಚು ಹಾಕಬೇಕಾಯಿತು.

ಮೇಜಿನ ಮೇಲೆ ಚಿನ್ನದ ಅಂಚಿನ ತಟ್ಟೆ, ಪಕ್ಕದಲ್ಲಿ ಕರಿಮರದ ಎರಡು ಕಡ್ಡಿ. ಥಾಯ್ ಜನ ಅನ್ನದೂಟಕ್ಕೆ ಕಡ್ಡಿ ಬಳಸುವುದಿಲ್ಲ. ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಫೋರ್ಕು. ಫೋರ್ಕಿನಿಂದ ಅನ್ನವನ್ನು ಚಮಚಕ್ಕೆ ತಳ್ಳಿಕೊಂಡು ಉಣ್ಣುತ್ತಾರೆ. ಕಡ್ಡಿ ಇರುವುದು ಚೀನೀಯರಿಂದ ಬಂದ ನೂಡಲ್ಸಿಗೆ. ಈಶಾನ್ಯದ ಇಸಾನ್ ಸೀಮೆಯವರು ಅಂಟು ಅನ್ನವನ್ನು ಕೈಯಲ್ಲೇ ಉಂಡೆ ಮಾಡಿ ಅದ್ದಿ ತಿನ್ನುತ್ತಾರೆ. ಮುದ್ದೆ ಮುರಿದು ಉಣ್ಣುವ ನಮಗೆ ಅದನ್ನು ಯಾರೂ ಕಲಿಸಬೇಕಿಲ್ಲ.

ಹೀಗೆ ಕೆತ್ತಿದ ಮರ, ರೇಷ್ಮೆ, ಚಿನ್ನದ ಅಂಚು ಎಲ್ಲವನ್ನೂ ಕೂಡಿಸಿ ಥಾಯ್ ಊಟ ಬಡಿಸುವುದರ ಹಿಂದೆ ಒಂದು ಇತಿಹಾಸವಿದೆ. 2000ದ ದಶಕದ ಆರಂಭದಲ್ಲಿ ಥಾಯ್ಲೆಂಡ್ ಸರ್ಕಾರ ತನ್ನ ಅಡುಗೆಯನ್ನು ಜಗತ್ತಿಗೆಲ್ಲ ಹಂಚುವ ಯೋಜನೆ ಹಾಕಿಕೊಂಡಿತು. 2002ರ ಸುಮಾರಿಗೆ ಹೊರದೇಶಗಳಲ್ಲಿ ಸುಮಾರು 5,500 ಥಾಯ್ ರೆಸ್ಟೋರೆಂಟುಗಳಿದ್ದವು. ಈಗ ಆ ಸಂಖ್ಯೆ 15,000 ದಾಟಿದೆ. ಆ ಯೋಜನೆಗೆ ಮೂರು ಮಾದರಿಗಳನ್ನು ಸಿದ್ಧಪಡಿಸಿದ್ದರು: ಅವಸರದ ಊಟಕ್ಕೆ 'ಎಲಿಫೆಂಟ್ ಜಂಪ್', ನಡುವಿನದಕ್ಕೆ 'ಕೂಲ್ ಬೇಸಿಲ್', ಶ್ರೀಮಂತರಿಗೆ 'ಗೋಲ್ಡನ್ ಲೀಫ್'. ಮೂರನೆಯದರಲ್ಲಿ ಥಾಯ್ ಬಟ್ಟೆ, ಕಲಾವಸ್ತುಗಳ ಅಲಂಕಾರ ಇರಬೇಕೆಂದು ಯೋಜನೆಯಲ್ಲೇ ಇತ್ತು. ನಾವು ಕುಳಿತಿದ್ದ ಜಾಗ ಆ ಯೋಜನೆಗೆ ಸೇರಿದ್ದಲ್ಲದಿರಬಹುದು, ಆದರೂ ಅದರ ನೋಟ ಅದೇ.

ಮೊದಲು ತರಿಸಿದ್ದು ಸೋಮ್ ತಮ್, ಪರಂಗಿಕಾಯಿಯ ಪಚಡಿ. ಇದನ್ನು ಮೇಜಿನ ಪಕ್ಕದಲ್ಲೇ ಮಾಡಿಕೊಡುತ್ತಾರೆ. ಗಾಲಿಬಂಡಿಯ ಮೇಲೆ ಆಳವಾದ ಮಣ್ಣಿನ ಒರಳು, ಮರದ ಒನಕೆಯಂಥ ಕುಟ್ಟಣಿ ಬಂತು. ಬಡಿಸುವ ಹುಡುಗಿ ಬೆಳ್ಳುಳ್ಳಿ, ಹಸಿಮೆಣಸು ಹಾಕಿ ಜಜ್ಜಿದಳು. ಆಮೇಲೆ ತಾಳೆಬೆಲ್ಲ, ನಿಂಬೆರಸ, ಅಲಸಂದೆ, ಟೊಮೆಟೊ, ಕೊನೆಗೆ ಎಳೆ ಎಳೆಯಾಗಿ ಹೆಚ್ಚಿದ ಪರಂಗಿಕಾಯಿ. ಅರೆಯುವುದಿಲ್ಲ, ಜಜ್ಜಿ ಜಜ್ಜಿ ಚಮಚದಿಂದ ಮಗುಚುತ್ತಾರೆ, ಕಾಯಿ ಮುರಿಯದೆ ರಸ ಕುಡಿಯುತ್ತದೆ. ಮೀನಿನ ರಸ ಹಾಕುವ ಮುಂಚೆ ಅವಳು ಕೈ ತಡೆದು, ಹಾಕಲೇ ಎಂದು ಕೇಳಿದಳು. ಸಣ್ಣ ಮೀನು, ಉಪ್ಪು ಎರಡನ್ನೇ ಒಂದು ವರ್ಷಕ್ಕೂ ಹೆಚ್ಚು ಕಾಲ ಕೊಳೆಹಾಕಿ ಇಳಿಸುವ ರಸ ಅದು. ಬಹಳ ಜನ ವಾಸನೆಗೆ ಹೆದರಿ ಬೇಡವೆನ್ನುತ್ತಾರಂತೆ.

"ಹಾಕವ್ವ, ಸಂತೇಲಿ ಒಣಮೀನು ಮಾರೋರ ಮಗ್ಗುಲಲ್ಲೇ ನಿಂತು ಸೊಪ್ಪು ಕೊಂಡೋರು ನಾವು," ಅಂದೆ. ಮಗಳು ಹಿಂದಿಯಲ್ಲಿ ತಿಳಿಸಿದಳು. ಆ ಹುಡುಗಿ ಮಣಿಪುರದವಳು. ತಮ್ಮ ಮನೆಯಲ್ಲೂ ಹುಳಿಬರಿಸಿದ ಮೀನಿಲ್ಲದೆ ಅಡುಗೆಯಿಲ್ಲ ಎಂದು ನಕ್ಕು, ಎರಡು ಚಮಚ ಹಾಕಿದಳು.

ಇಡೀ ಊಟದಲ್ಲಿ ಮನಸ್ಸು ತುಂಬಿದ್ದು ಇದೇ. ಉಪ್ಪು, ಹುಳಿ, ಸಿಹಿ, ಖಾರ ನಾಲ್ಕೂ ಒಟ್ಟಿಗೆ ಬಂದು, ಒಂದೊಂದೂ ಬೇರೆಯಾಗಿ ನಿಂತಿತ್ತು. ಇಸಾನ್ ಸೀಮೆಯ ಕೂಲಿಕಾರರು, ರೈತರು ಬ್ಯಾಂಕಾಕಿಗೆ ದುಡಿಯಲು ಬಂದಾಗ ತಮ್ಮ ಜೊತೆ ತಂದ ತಿನಿಸು ಇದು. ಈಗಲೂ ಅಲ್ಲಿ ಬೀದಿ ಗಾಡಿಯಲ್ಲಿ ಸಿಗುತ್ತದೆ. ಇದಕ್ಕೆ ಬೀಳುವ ಮೆಣಸಿನಕಾಯಿ, ಪರಂಗಿ ಎರಡೂ ಅಮೆರಿಕದಿಂದ ಬಂದವು. ಪೋರ್ಚುಗೀಸರು 1510ರಲ್ಲಿ ಗೋವೆ ಹಿಡಿದರು, 1511ರಲ್ಲಿ ಮಲಕ್ಕಾ ಹಿಡಿದರು, ಅದೇ ವರ್ಷ ಥಾಯ್ ರಾಜಧಾನಿ ಅಯುತ್ಥಯಕ್ಕೆ ದೂತರನ್ನು ಕಳಿಸಿದರು. ನಮ್ಮ ಸಾರಿನ ಖಾರವೂ ಈ ಪಚಡಿಯ ಖಾರವೂ ಒಂದೇ ಹಡಗುಗಳ ದಾರಿ ಹಿಡಿದು ಬಂದವು. ಮಣ್ಣಿನ ಒರಳಿನಲ್ಲಿ ಕಣ್ಣೆದುರು ಜಜ್ಜಿದ್ದಕ್ಕೆ ಚಿನ್ನದ ಅಂಚಿನ ಆಸರೆ ಬೇಕಾಗಲಿಲ್ಲ.

ಆಮೇಲೆ ಸೂಪು. ತೊಮ್ ಯಮ್, ಸಿಗಡಿಯದು. 2024ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ವಿಶ್ವಪಟ್ಟಿಗೆ ಸೇರಿದ ಸೂಪು ಇದು. ಇಲ್ಲಿ ಸಣ್ಣ ಬಟ್ಟಲಲ್ಲಿ ಒಂಟಿಯಾಗಿ ತಂದಿಟ್ಟರು. ಕುಡಿದರೆ ಗಂಟಲು ಹತ್ತಿತು, ಹುಳಿ ಹಲ್ಲು ಜುಮ್ಮೆನ್ನಿಸಿತು. ಥಾಯ್ ಮನೆಗಳಲ್ಲಿ ಸೂಪನ್ನು ಮೊದಲು ಕುಡಿದು ಮುಗಿಸುವುದಿಲ್ಲ. ಅನ್ನವನ್ನು ನಡುವೆ ಇಟ್ಟುಕೊಂಡು ಸೂಪು, ಕರಿ, ಪಚಡಿ ಎಲ್ಲ ಒಟ್ಟಿಗೆ ಹಂಚಿಕೊಳ್ಳುತ್ತಾರೆ. ಅನ್ನ ಈಗಲೇ ಬೇಕು ಅಂದೆ.

"ಚಿಕ್ಕವ್ವ, ಅನ್ನ ಆಮೇಲೆ ಕರಿ ಜೊತೆ ಬತ್ತದೆ ಕನಾ," ಅಂದಳು ಮಗಳು.

"ಈಗಲೇ ಬರಲಿ ಬುಡು. ಸಾರು ಬೇರೆ, ಅನ್ನ ಬೇರೆ ಉಂಡರೆ ಅದೇನು ಊಟವವ್ವ?"

ಬಡಿಸುವವರು ಒಂದು ಗಳಿಗೆ ತಡವರಿಸಿದರು, ಆದರೆ ಬೇಸರವಿಲ್ಲದೆ ತಂದರು. ಮಲ್ಲಿಗೆ ಅಕ್ಕಿಯ ಬಿಸಿ ಅನ್ನ, ಮೆತ್ತಗೆ ಒಂದಕ್ಕೊಂದು ಅಂಟಿಕೊಂಡದ್ದು. ಚಮಚದಲ್ಲಿ ಅನ್ನ ತೆಗೆದುಕೊಂಡು ಸೂಪು ಹನಿಸಿಕೊಂಡು ಉಂಡ ಕೂಡಲೇ ಹುಳಿ ತನ್ನ ಜಾಗಕ್ಕೆ ಬಂತು. ಮಕ್ರೂಟ್ ನಿಂಬೆ ಎಲೆಯ ಪರಿಮಳ ಆಗ ಎದ್ದಿತು. ನಮ್ಮ ಹೇರಳೆ ಎಲೆಯನ್ನು ಹಿಸುಕಿದಾಗ ಬರುವುದಕ್ಕೆ ಅದು ಬಹಳ ಹತ್ತಿರ. ಸೂಪು ಚೆನ್ನಾಗಿಯೇ ಇತ್ತು, ಬಡಿಸುವ ಕ್ರಮ ಅದನ್ನು ಕೆಡಿಸುತ್ತಿತ್ತು.

ಹಸಿರು ಕರಿಯ ಬಗ್ಗೆ ಅಷ್ಟು ಒಳ್ಳೆಯ ಮಾತು ಹೇಳಲಾರೆ. ಇದು ಈ ಅಡುಗೆಯ ಪರೀಕ್ಷೆಯ ಪದಾರ್ಥ. ಹಸಿಮೆಣಸು, ಮಜ್ಜಿಗೆಹುಲ್ಲು, ಶುಂಠಿಯ ಕುಲದ ಗಲಾಂಗಲ್ ಗೆಡ್ಡೆ, ಕೊತ್ತಂಬರಿಯ ಬೇರು, ನಿಂಬೆಯ ಸಿಪ್ಪೆ, ಸಿಗಡಿಯ ಪೇಸ್ಟು ಇವನ್ನೆಲ್ಲ ಕಲ್ಲಿನ ಒರಳಿನಲ್ಲಿ ನುಣ್ಣಗಾಗುವ ತನಕ ಕುಟ್ಟಬೇಕು. ಗಟ್ಟಿ ತೆಂಗಿನಹಾಲನ್ನು ಒಡೆಯುವ ತನಕ ಕಾಯಿಸಿ, ಬಿಟ್ಟ ಎಣ್ಣೆಯಲ್ಲಿ ಈ ಖಾರವನ್ನು ಹುರಿಯಬೇಕು. ಚೆನ್ನಾಗಿ ಮಾಡಿದ ಕರಿಯ ಮೇಲೆ ಹಸಿರೆಣ್ಣೆ ಚುಕ್ಕೆ ಚುಕ್ಕೆಯಾಗಿ ತೇಲುತ್ತದೆ. ನಮ್ಮ ಬಟ್ಟಲಿಗೆ ಟಾರ್ಚು ಹಿಡಿದು ನೋಡಿದೆವು. ಒಂದು ಹನಿ ಎಣ್ಣೆಯೂ ತೇಲುತ್ತಿರಲಿಲ್ಲ. ದಪ್ಪಗೆ, ನಯವಾಗಿ, ಸಿಹಿಯಾಗಿತ್ತು. ಪೊಟ್ಟಣದ ತೆಂಗಿನಹಾಲು ಇರಬಹುದು. ಒಡೆಯದಂತೆ ಅದಕ್ಕೆ ಏನಾದರೂ ಸೇರಿಸಿರುತ್ತಾರೆ. ಅಡುಗೆಮನೆಯೊಳಗೆ ಹೋಗಿ ನೋಡಿದವಳಲ್ಲ, ನಾಲಿಗೆ ಹೇಳಿದ್ದನ್ನು ಹೇಳುತ್ತಿದ್ದೇನೆ.

ಹೆಚ್ಚು ಬೇಸರವಾದದ್ದು ತರಕಾರಿಯಲ್ಲಿ. ಬಟ್ಟಲಿನಲ್ಲಿ ಬ್ರೊಕೊಲಿ ಇತ್ತು, ಝುಕಿನಿ ಇತ್ತು. ಹಸಿರು ಕರಿಗೆ ಥಾಯ್ ಜನ ಹಾಕುವುದು ಗುಂಡು ಬದನೆ, ಜೊತೆಗೆ ಬಟಾಣಿ ಗಾತ್ರದ ಒಂದು ಕಹಿಕಾಯಿ. ಆ ಕಾಯಿ ನಮ್ಮ ಸೊಂಡೆಕಾಯಿಯೇ. ಬೇಲಿ ಸಾಲಲ್ಲಿ, ಹಾಳು ಜಾಗದಲ್ಲಿ ಗೊಂಚಲು ಗೊಂಚಲಾಗಿ ಬಿಡುತ್ತದೆ. ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿ, ಕರಿದು ಅನ್ನಕ್ಕೆ ನಂಚಿಕೊಳ್ಳುತ್ತೇವೆ. ತೆಂಗಿನಹಾಲಿನ ಸಿಹಿಯ ನಡುವೆ ಆ ಕಾಯಿ ಹಲ್ಲಿಗೆ ಸಿಕ್ಕಿ ಒಡೆದು ಕಹಿ ಬಿಡಬೇಕು, ಕರಿಗೆ ಬೆನ್ನೆಲುಬು ಬರುವುದು ಆಗ. ದಿಂಬಿನ ರೇಷ್ಮೆಯನ್ನು ಅಷ್ಟು ದೂರದಿಂದ ತಂದವರು ಕೇಳಿದ್ದರೆ, ಈ ಕಾಯಿ ಬೆಂಗಳೂರಿನ ಸುತ್ತಮುತ್ತಲ ಹಳ್ಳಿಗಳಲ್ಲೇ ಸಿಗುತ್ತಿತ್ತು. ಏಕೆ ಹಾಕುವುದಿಲ್ಲ ಎಂದು ಕೇಳಿದೆ. ಗಿರಾಕಿಗಳು ಕಹಿ ಒಪ್ಪುವುದಿಲ್ಲ ಎಂದರು. ಇರಬಹುದು. ಹಾಗಲಕಾಯಿ ಗೊಜ್ಜು ಕಲೆಸಿಕೊಂಡು ಉಣ್ಣುವ ನಾಡಿನ ಬಗ್ಗೆ ಈ ಮಾತು ನಿಜವೇ ಎಂದು ನನಗೆ ಇನ್ನೂ ಸಂದೇಹವಿದೆ.

ತುಳಸಿ ಹಾಕಿ ಹುರಿದ ಕೋಳಿಯೂ ಬಂದಿತ್ತು. ಥಾಯ್ಲೆಂಡಿನಲ್ಲಿ ಇದು ದಿನನಿತ್ಯದ ಊಟ, ಬಳಸುವುದು ನಾವು ಕಟ್ಟೆಯಲ್ಲಿ ಬೆಳೆಸುವ ತುಳಸಿಯನ್ನೇ. ಇಲ್ಲಿ ಹಾಕಿದ್ದು ಸೋಂಪಿನ ಪರಿಮಳದ ಇನ್ನೊಂದು ಜಾತಿಯ ಎಲೆ. ಕೆಟ್ಟದ್ದೇನಲ್ಲ, ಆದರೆ ತುಳಸಿಯ ಘಾಟು ಇರಲಿಲ್ಲ.

ಕೊನೆಗೆ ಮಾವಿನ ಹಣ್ಣಿನ ಜೊತೆ ಅಂಟು ಅನ್ನ. ಹಣ್ಣು ಬಾದಾಮಿ, ಚೆನ್ನಾಗಿ ಮಾಗಿತ್ತು. ಮೇಲೆ ಹೊಯ್ದ ತೆಂಗಿನಹಾಲಿಗೆ ಉಪ್ಪು ಹಾಕಿದ್ದರು, ಅಷ್ಟೇ ಬೇಕಾಗಿದ್ದದ್ದು. ಸಿಹಿಯ ಮೇಲೆ ಉಪ್ಪು ಕೂತಾಗ ಹಣ್ಣಿನ ರುಚಿ ಇನ್ನೂ ಮುಂದಕ್ಕೆ ಬಂತು. ಒಳಗೆ ಯಾರೋ ಕೈಪಳಗಿದವರು ಇದ್ದಾರೆ ಎಂಬುದಕ್ಕೆ ಪಚಡಿ ಮತ್ತು ಇದು, ಎರಡೂ ಸಾಕ್ಷಿ. ಕರಿಯನ್ನು ಮಾತ್ರ ಏಕೆ ಹಾಗೆ ಬಿಟ್ಟರೋ.

ಬಿಲ್ಲು ಬಂತು. ಇಬ್ಬರ ಊಟಕ್ಕೆ ಆರು ಸಾವಿರ ದಾಟಿತ್ತು. ದುಬಾರಿ ಕೋಣೆಗಳ ಹೋಟೆಲಿನೊಳಗಿನ ರೆಸ್ಟೋರೆಂಟಾದ್ದರಿಂದ ಜಿಎಸ್‌ಟಿ ಶೇ. 18, ಬೀದಿಯ ಮೇಲಿನ ಮಾಮೂಲಿ ಹೋಟೆಲಿನಲ್ಲಾದರೆ ಶೇ. 5. ಸೇವಾ ಶುಲ್ಕವೂ ಸೇರಿತ್ತು. ಅದು ಕಡ್ಡಾಯವಲ್ಲ ಎಂದು 2022ರ ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಮಗಳು ಕೇಳಿದ ಮೇಲೆ ತೆಗೆದುಹಾಕಿದರು. ಆ ಹಣವನ್ನು ನಾವು ಒರಳು ಹಿಡಿದ ಹುಡುಗಿಯ ಕೈಗೇ ಕೊಟ್ಟೆವು.

ಕೊಟ್ಟ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೊಳಕ್ಕೆ, ಬಿದಿರಿಗೆ, ಮೌನಕ್ಕೆ ಹೋಯಿತು ಎಂದು ನನ್ನ ಲೆಕ್ಕ. ಅದನ್ನು ದಂಡ ಎನ್ನಲಾರೆ. ದಿನವಿಡೀ ಕಂಪ್ಯೂಟರಿನ ಮುಂದೆ ಕೂತು, ಟ್ರಾಫಿಕ್ಕಿನಲ್ಲಿ ನಿಂತು ಬಂದ ಮಗಳ ಮುಖ ಅಲ್ಲಿ ಸಡಿಲವಾದದ್ದನ್ನು ಕಂಡಿದ್ದೇನೆ. ಆದರೆ ಅದೇ ಮನೆಯವರು ಮೂಲೆಯ ಎಣ್ಣೆಯನ್ನು ಆರಿಸಿದರೆ ಸೂಪಿನ ವಾಸನೆಗೆ ಜಾಗವಾಗುತ್ತದೆ, ಖರ್ಚೂ ಇಲ್ಲ. ಹೋಗುವವರು ಮಧ್ಯಾಹ್ನದ ಹೊತ್ತಿಗೆ ಹೋಗಿ, ತಟ್ಟೆಯಲ್ಲಿ ಏನಿದೆ ಎಂದು ಕಾಣುತ್ತದೆ. ಪಚಡಿಗೆ ಮೀನಿನ ರಸ ಬೇಡವೆನ್ನಬೇಡಿ. ಸೂಪಿನ ಜೊತೆಗೇ ಅನ್ನ ಕೇಳಿ. ಹಸಿರು ಕರಿ ಬೇಕೆಂದರೆ ಸೊಂಡೆಕಾಯಿ ಹಾಕುತ್ತೀರಾ ಎಂದು ಮೊದಲೇ ವಿಚಾರಿಸಿ. ನಾಲ್ಕು ಜನ ಕೇಳಿದರೆ ತರಿಸಿಯಾರು.